ಧಣಿಗಳು ಕಲಿಸದೆ ಬಿಟ್ಟ ಪಾಠ

ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಹಲವರಿಗೆ ಲಾಲ್‌ಬಾಗು, ಪರೇಲು, ವರಳಿಗಳ ಗಿರಣಿಗಳ ಭೋಂಗದ ಸದ್ದು ಇನ್ನೂ ಕಿವಿಯಲ್ಲಿರಬಹುದು. ನಸುಕಿನಲ್ಲಿ ಆ ಕೂಗು ಎದ್ದೊಡನೆ ಚಾಳುಗಳ ಮರದ ಮೆಟ್ಟಿಲುಗಳ ಮೇಲೆ ಸಾವಿರಾರು ಕಾಲುಗಳ ಸಪ್ಪಳ ಕೇಳಿಬರುತ್ತಿದ್ದಿತು. 1982ರ ಜನವರಿ 18ರಂದು ಮೊದಲಾದ ಮಹಾಮುಷ್ಕರದ ತರುವಾಯ ಆ ಕೂಗುಗಳು ಒಂದೊಂದಾಗಿ ಅಡಗಿದವು. ಇಂದು ಫೀನಿಕ್ಸ್ ಗಿರಣಿಯ ಜಾಗದಲ್ಲಿ ಅಂಗಡಿಗಳ ಅರಮನೆಯೇ ಎದ್ದು ನಿಂತಿದೆ. ಕಮಲಾ ಗಿರಣಿಯ ಆವರಣದಲ್ಲಿ ಗಾಜಿನ ಗೋಡೆಯ ಕಚೇರಿಗಳಿವೆ. ಗಿರಣಿಯ ಬಾಗಿಲನ್ನೇ ಕಾಣದ ನಮ್ಮ ಮಕ್ಕಳು ಅಂಥ ಕಚೇರಿಗಳಲ್ಲಿ ಕುಳಿತು ಕೆಲಸ ಮಾಡುತ್ತಿದ್ದಾರೆ.

ಕಳೆದ ದೀಪಾವಳಿಯಲ್ಲಿ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಅಂಥದೊಂದು ಕಚೇರಿಯಲ್ಲಿರುವ ಅವರ ಮಗಳು, ತಮ್ಮಲ್ಲಿ ಒಂದು ದಿನವಿಡೀ ಕೆಲಸ ನಿಲ್ಲಿಸಿ ಎಲ್ಲರಿಗೂ ಸಮಾನತೆಯ ವಿಷಯದಲ್ಲಿ ತರಬೇತು ಕೊಟ್ಟರೆಂದು ಹೇಳಿದಳು. ಜಾತಿ, ಮತ, ಭಾಷೆ, ಹೆಣ್ಣು ಗಂಡು, ಅಂಗವೈಕಲ್ಯ ಇವುಗಳ ಭೇದವೆಣಿಸದೆ ಒಟ್ಟಿಗೆ ದುಡಿಯುವ ಬಗೆಯನ್ನು ಕಲಿಸುವ ತರಗತಿಯಂತೆ. ಮಿತ್ರರು ನಕ್ಕುಬಿಟ್ಟರು. “ಸಂಬಳ ಕೊಟ್ಟು ನೀತಿಪಾಠ ಹೇಳಿಸುವ ಕಾಲ ಬಂತು ನೋಡಿ! ಇದೆಲ್ಲ ತಾಯಿತಂದೆಗಳು ಮನೆಯಲ್ಲಿ ಕಲಿಸಬೇಕಾದದ್ದು. ಕಂಪೆನಿಯವರಿಗೇಕೆ ಈ ಉಸಾಬರಿ?” ಎಂದರು. ಹುಡುಗಿ ನನ್ನ ಮುಖ ನೋಡಿದಳು. ಮೂವತ್ತು ವರುಷ ಒಂದು ಕಾರಖಾನೆಯ ಸಿಬ್ಬಂದಿ ಶಾಖೆಯಲ್ಲಿ ದುಡಿದವನಾದುದರಿಂದ ಉತ್ತರ ನನ್ನಲ್ಲಿರಬೇಕಾಗಿತ್ತು. ಆ ಹೊತ್ತಿಗೆ ತೋಚಲಿಲ್ಲ. ಮನೆಗೆ ಬಂದ ಮೇಲೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉತ್ತರವಿರುವುದು ಈ ಊರಿನ ಗಿರಣಿಗಳ ಚರಿತ್ರೆಯಲ್ಲಿಯೇ.

ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪೆನಿಯನ್ನು ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರಸೀ ವರ್ತಕರು 1854ರಲ್ಲಿ ಸ್ಥಾಪಿಸಿದರು. ತಾಡದೇವದ ಆ ಗಿರಣಿ ಎರಡು ವರುಷಗಳಲ್ಲಿ ನೂಲು ತೆಗೆಯತೊಡಗಿತು. ಅದರ ಬೆನ್ನಿಗೇ ಇತರ ಗಿರಣಿಗಳು ಬಂದವು. ದುಡಿಯಲು ಜನ ಬಂದುದು ಬಹುಮಟ್ಟಿಗೆ ಕೊಂಕಣದ ರತ್ನಾಗಿರಿಯಿಂದ, ಘಟ್ಟದ ಮೇಲಿನ ಸಾತಾರಾ, ಪುಣೆಗಳ ಹಳ್ಳಿಗಳಿಂದ. ಅವರಲ್ಲಿ ಹೆಚ್ಚಿನವರು ಮಳೆ ಬಂದರೆ ಉಳುವ, ಬಿಸಿಲೇರಿದರೆ ಮರದ ನೆರಳಿಗೆ ಸರಿಯುವ ಒಕ್ಕಲುಮಕ್ಕಳು. ಅಂಥವರಿಗೆ ಗಿರಣಿಯ ಧಣಿಗಳು ಏನೆಲ್ಲ ಕಲಿಸಿದರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಭೋಂಗ ಕೂಗಿದೊಡನೆ ಬಾಗಿಲಲ್ಲಿರಬೇಕೆಂದು ಕಲಿಸಿದರು. ಸಾಲು ನಿಂತು ಪಗಾರ ಪಡೆಯುವುದನ್ನು ಕಲಿಸಿದರು. ಹರಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟಿಕ್ಕುವುದನ್ನು, ಯಂತ್ರದ ಪಟ್ಟಿಯಿಂದ ಮೈ ಉಳಿಸಿಕೊಳ್ಳುವುದನ್ನು ಕಲಿಸಿದರು. ಕಲಿಯದವನಿಗೆ ದಂಡ ಹಾಕಿದರು. ಮನುಷ್ಯನ ನಡೆ, ನಿದ್ದೆ, ಊಟದ ಹೊತ್ತುಗಳನ್ನೆಲ್ಲ ಒಂದೇ ತಲೆಮಾರಿನಲ್ಲಿ ಬದಲಾಯಿಸಿಬಿಟ್ಟರು. ಧಣಿಗಳಿಗೆ ಬೇಕಾಗಿದ್ದ ಯಾವ ಪಾಠವೂ ಕಲಿಸಲಾಗದೆ ಉಳಿಯಲಿಲ್ಲ. ಕಲಿಸದೆಯೇ ಬಿಟ್ಟ ಪಾಠವೊಂದುಂಟು. ಅದರ ಕಥೆ ಒಂದು ಲಾಳಿಯ ಕಥೆ.

ನೇಯ್ಗೆ ಕಂಡವರಿಗೆ ಲಾಳಿಯ ವಿಚಾರ ಹೇಳಬೇಕಾದುದಿಲ್ಲ. ಆದರೆ ನಮ್ಮ ಈಗಿನ ಮಕ್ಕಳು ಅದನ್ನು ನೋಡಿರಲಾರರು. ಹಾಸಿನ ಎಳೆಗಳ ನಡುವೆ ಹೊಕ್ಕಿನ ದಾರವನ್ನು ಅತ್ತಿಂದಿತ್ತ ಒಯ್ಯುವ, ದೋಣಿಯ ಆಕಾರದ ಮರದ ಸಾಧನವೇ ಲಾಳಿ. ಅದರ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಯಂತ್ರದ ಮಗ್ಗ ಓಡುವ ವೇಗಕ್ಕೆ ಒಂದು ಕಂಡಿಕೆ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಹೊಸ ಕಂಡಿಕೆ ಇಟ್ಟು, ಅದರ ದಾರದ ತುದಿಯನ್ನು ಲಾಳಿಯ ಪಕ್ಕದಲ್ಲಿರುವ ಸಣ್ಣ ಕಣ್ಣಿನಿಂದ ಹೊರಗೆ ತರಬೇಕು. ಅದು ಬೆರಳಿಗೆ ಸುಲಭವಾಗಿ ಒಗ್ಗದ ಕೆಲಸ. ನೇಕಾರ ಆ ಕಣ್ಣಿಗೆ ತುಟಿ ಹಚ್ಚಿ ಒಮ್ಮೆ ಉಸಿರೆಳೆದುಕೊಂಡನೆಂದರೆ ದಾರ ಸರಕ್ಕನೆ ಹೊರಬರುತ್ತಿದ್ದಿತು. ಇಂಗ್ಲೆಂಡಿನ ಲಾಂಕಾಶೈರಿನಲ್ಲಿಯೂ ಇದೇ ಪದ್ಧತಿ; ಅಲ್ಲಿಯ ಜನ ಇದನ್ನು ಕುಚೋದ್ಯಕ್ಕೆ ‘ಮುತ್ತಿಡುವ ಲಾಳಿ’ ಎಂದು ಕರೆಯುತ್ತಿದ್ದರು.

ಒಬ್ಬ ತುಟಿ ಹಚ್ಚಿದ ಲಾಳಿಗೆ ಮತ್ತೊಬ್ಬ ತುಟಿ ಹಚ್ಚಬೇಕಾದಲ್ಲಿ ನಮ್ಮ ದೇಶದಲ್ಲಿ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ಗಿರಣಿಗಳ ನೇಯ್ಗೆ ಖಾತೆಗೆ ಅಸ್ಪೃಶ್ಯರೆನಿಸಿದವರಿಗೆ ಪ್ರವೇಶವಿರಲಿಲ್ಲ. ಅವರು ಗಿರಣಿಯ ಬಾಗಿಲು ದಾಟಬಹುದಾಗಿತ್ತು, ನೂಲು ಖಾತೆಯಲ್ಲಿ ಧೂಳು ತಿಂದು ದುಡಿಯಬಹುದಾಗಿತ್ತು, ಗುಡಿಸಬಹುದಾಗಿತ್ತು. ಹೆಚ್ಚು ಪಗಾರದ ನೇಯ್ಗೆ ಖಾತೆಯ ಮೆಟ್ಟಿಲು ಮಾತ್ರ ಹತ್ತುವಂತಿರಲಿಲ್ಲ. ಹತ್ತಿದರೆ ಇತರ ನೇಕಾರರು, ಹಿಂದೂಗಳಾಗಲಿ ಮುಸಲ್ಮಾನರಾಗಲಿ, ಆ ಲಾಳಿಯನ್ನು ಮುಟ್ಟಲೊಲ್ಲರು. ಅಹಮದಾಬಾದಿನಲ್ಲಿಯೂ ಅದೇ ಕಥೆ. ಅಲ್ಲಿಯ ನೂಲು ಖಾತೆಯಲ್ಲಿ ತುಂಬಿದ್ದವರಲ್ಲಿ ವಣಕರರು ಬಹಳ ಜನ. ‘ವಣಕರ’ ಎಂದರೆ ಗುಜರಾತಿಯಲ್ಲಿ ನೇಯುವವನೆಂದೇ ಅರ್ಥ. ತಲೆತಲಾಂತರದಿಂದ ಹಳ್ಳಿಗಳಿಗೆ ಬಟ್ಟೆ ನೇಯ್ದುಕೊಟ್ಟು, ಆ ಕಸಬನ್ನೇ ಹೆಸರಾಗಿ ಹೊತ್ತ ಜನವನ್ನು ಗಿರಣಿಯ ಮಗ್ಗದಿಂದ ದೂರವಿಟ್ಟರು! ಆ ಬಟ್ಟೆಯನ್ನು ಉಟ್ಟವರಿಗೆ ಮೈಲಿಗೆ ತಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು.

ಇದು ಯಾವ ಕಾಗದದಲ್ಲಿಯೂ ಬರೆದಿಟ್ಟ ನಿಯಮವಾಗಿರಲಿಲ್ಲ. ಕೆಲಸಕ್ಕೆ ಸೇರಿಸುವ, ಬಿಡಿಸುವ ಅಧಿಕಾರವೆಲ್ಲ ಜಾಬರನ ಕೈಯಲ್ಲಿದ್ದಿತು. ಅವನು ತನ್ನ ಊರಿನವರನ್ನು, ತನ್ನ ಜಾತಿಯವರನ್ನು ಕರೆತಂದು ತುಂಬುವನು. ಧಣಿಗೆ ಬಟ್ಟೆ ಬಂದರೆ ಸಾಕು. ಹೀಗೆ ಎಪ್ಪತ್ತು ವರುಷ ನಡೆಯಿತು.

1928ರಲ್ಲಿ ಆ ಮೌನ ಮುರಿಯಿತು. ಆ ವರುಷದ ಏಪ್ರಿಲ್ ತಿಂಗಳಿಂದ ಅಕ್ಟೋಬರದವರೆಗೆ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ್ದರು. ಅವರ ಬೇಡಿಕೆಗಳು ಹದಿನೇಳು. ನೇಯ್ಗೆ ಖಾತೆಯನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂಬ ಬೇಡಿಕೆಯನ್ನು ಅವುಗಳಲ್ಲಿ ಸೇರಿಸಬೇಕೆಂದು ಡಾ. ಬಾಬಾಸಾಹೇಬ ಅಂಬೇಡಕರರು ಪಟ್ಟು ಹಿಡಿದರು. ಸೇರಿಸದಿದ್ದರೆ ತಮ್ಮ ಜನ ಮುಷ್ಕರದಲ್ಲಿ ಜೊತೆಗೂಡಬೇಕಾದ ಕಾರಣವಿಲ್ಲವೆಂದರು. ಕಾರ್ಮಿಕ ಮುಖಂಡರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಜಗತ್ತಿನ ಕಾರ್ಮಿಕರೆಲ್ಲ ಒಂದೆಂದು ಸಾರುತ್ತಿದ್ದ ಮುಖಂಡರಿಗೆ, ಒಂದೇ ಗಿರಣಿಯ ಎರಡು ಖಾತೆಗಳನ್ನು ಒಂದುಮಾಡುವುದು ಕಷ್ಟವಾಗಿ ಕಂಡಿತು.

ಇನ್ನು ಧಣಿಗಳು ಕೊಟ್ಟ ಉತ್ತರ. ಇದು ಅನ್ಯಾಯವೆನ್ನುವುದಾದರೆ ಅದಕ್ಕೆ ನಾವು ಹೊಣೆಗಾರರಲ್ಲ ಎಂದು ಅವರು ನಕ್ಕು ಕೈತೊಳೆದುಕೊಂಡರು. ಮಗ್ಗದ ಬಳಿ ಅಸ್ಪೃಶ್ಯನನ್ನು ಬರಗೊಡದವರು ಕಾರ್ಮಿಕರೇ ಹೊರತು ಮಾಲೀಕರಲ್ಲವಷ್ಟೆ! ಮೇಲ್ನೋಟಕ್ಕೆ ಈ ಮಾತು ನಿಜ. ಅಂದಿನಿಂದ ಇಂದಿನವರೆಗೂ ಉದ್ಯೋಗದಾತರು ಕೊಡುತ್ತ ಬಂದಿರುವ ಉತ್ತರವೂ ಇದೇ: “ನಮ್ಮದೇನೂ ಅಭ್ಯಂತರವಿಲ್ಲ, ಜನ ಒಪ್ಪುವುದಿಲ್ಲ.” ನನ್ನ ಮಿತ್ರರು ದೀಪಾವಳಿಯ ದಿನ ಆಡಿದ ಮಾತೂ ಇದರ ಮರಿಯೇ. ಮನೆಯಲ್ಲಿ ಕಲಿಯಬೇಕಾದದ್ದಕ್ಕೆ ಕಂಪೆನಿ ಹೊಣೆಯಲ್ಲವೆಂದರಲ್ಲವೆ?

ಈ ಉತ್ತರವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ಹಳ್ಳಿಯ ಜನರ ನಿದ್ದೆಯ ಹೊತ್ತನ್ನೇ ಬದಲಾಯಿಸಲು ಸಮರ್ಥರಾದ ಧಣಿಗಳಿಗೆ, ಒಂದು ಲಾಳಿಯ ವಿಷಯದಲ್ಲಿ ಮಾತ್ರ ಅಸಹಾಯತೆ ಹೇಗೆ ಬಂದಿತು? ಅಡ್ಡಿಯಾಗಿದ್ದುದು ತುಟಿ ಹಚ್ಚುವ ಕ್ರಮವೆಂದಾದರೆ, ತುಟಿ ಹಚ್ಚದೆಯೇ ದಾರವೇರಿಸಬಹುದಾದ ಲಾಳಿಗಳು ಆ ಮೊದಲೇ ಬಂದಿದ್ದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1911ರಲ್ಲಿಯೇ ಆ ಹಳೆಯ ಲಾಳಿಯನ್ನು ಕಾಯಿದೆಯಿಂದ ನಿಷೇಧಿಸಿದ್ದರು. ಒಬ್ಬರ ಬಾಯಿಂದ ಮತ್ತೊಬ್ಬರ ಬಾಯಿಗೆ ರೋಗ ಹರಡುವುದೆಂಬುದು ಅಲ್ಲಿಯ ಭಯ. ಅಲ್ಲಿ ರೋಗದ ಅಂಜಿಕೆಗೆ ಲಾಳಿ ಬದಲಾಯಿತು. ಇಲ್ಲಿ ಮೈಲಿಗೆಯ ಅಂಜಿಕೆಗೆ ಮನುಷ್ಯನನ್ನೇ ಹೊರಗಿಟ್ಟರು. ಹೊಸ ಲಾಳಿಗೆ ಹಣ ಬೇಕು, ಮನುಷ್ಯನನ್ನು ಹೊರಗಿಡಲು ಏನೂ ಬೇಡ. ಧಣಿಗಳ ಲೆಕ್ಕ ಇಷ್ಟೇ ಎಂದು ನನಗೆ ತೋರುತ್ತದೆ. ಒಂದೊಂದು ಖಾತೆಯೂ ಒಂದೊಂದು ಜಾತಿಯದಾಗಿದ್ದರೆ ಕಾರ್ಮಿಕರು ಒಟ್ಟಾಗಿ ನಿಲ್ಲುವುದೂ ಕಷ್ಟವಷ್ಟೆ. ಸ್ವಾತಂತ್ರ್ಯಾನಂತರದ ವರುಷಗಳಲ್ಲಿ ಈ ಕಟ್ಟು ಮೆಲ್ಲಮೆಲ್ಲನೆ ಸಡಿಲಿತು. ಅಷ್ಟರಲ್ಲಿ ಎರಡು ಮೂರು ತಲೆಮಾರುಗಳು ಕಡಿಮೆ ಪಗಾರದಲ್ಲಿಯೇ ಸವೆದುಹೋಗಿದ್ದವು.

ರೈಲ್ವೆಯ ಸಂಗತಿ ಇನ್ನೂ ವಿಚಿತ್ರ. 1938ರ ಫೆಬ್ರವರಿಯಲ್ಲಿ ಮನಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಪರಿಷತ್ತು ನೆರೆದಾಗ ಅಂಬೇಡಕರರು ಒಂದು ವಿಷಯವನ್ನು ಎತ್ತಿ ತೋರಿಸಿದರು. ಅಸ್ಪೃಶ್ಯರು ಹಳಿಯ ಮೇಲಿನ ಗ್ಯಾಂಗಿನಲ್ಲಿ ಜೀವನವಿಡೀ ದುಡಿಯಬಹುದು. ನಿಲ್ದಾಣದ ಪೋರ್ಟರ್ ಆಗುವಂತಿಲ್ಲ. ಏಕೆಂದರೆ ಪೋರ್ಟರನಾದವನು ಸ್ಟೇಶನ್ ಮಾಸ್ತರರ ಮನೆಯಲ್ಲಿಯೂ ಚಾಕರಿ ಮಾಡಬೇಕಾಗುತ್ತಿದ್ದಿತು! ಮನೆಗೆಲಸವೇ ಮೊದಲು ನಿಯಮಬಾಹಿರ. ಆ ನಿಯಮಬಾಹಿರ ಕೆಲಸಕ್ಕೆ ಒಗ್ಗದವನೆಂದು ಒಬ್ಬನಿಗೆ ನಿಯಮಬದ್ಧವಾದ ನೌಕರಿಯನ್ನು ತಪ್ಪಿಸುವುದು. ಯಾವ ಆಜ್ಞಾಪತ್ರದಲ್ಲಿಯೂ ಇದು ಸಿಗುವುದಿಲ್ಲ. ಇಂಥ ಬರೆಯದ ಕಾನೂನನ್ನು ಬರೆದ ಕಾನೂನಿನಿಂದ ಮಾತ್ರ ಕೀಳಲಾಗದು. ಸ್ಟೇಶನ್ ಮಾಸ್ತರನನ್ನು ಕೂರಿಸಿಕೊಂಡು ಹೇಳಬೇಕು; ಹೇಳುವವನು ಅವನ ಮೇಲಧಿಕಾರಿಯಾಗಿರಬೇಕು.

ನಮ್ಮ ಮೈಸೂರು ಸಂಸ್ಥಾನ ಬಾಗಿಲು ತೆರೆಯುವ ಕೆಲಸದಲ್ಲಿ ದೇಶಕ್ಕೆ ಮುಂದಾಗಿದ್ದಿತೆಂದು ನಾವು ಹೆಮ್ಮೆಪಡುವುದುಂಟು, ಅದು ಸರಿಯೇ. ಸರಕಾರಿ ನೌಕರಿಗಳು ಬಹುಮಟ್ಟಿಗೆ ಒಂದೇ ವರ್ಗದವರ ಕೈಯಲ್ಲಿವೆಯೆಂಬ ದೂರು ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಏಳು ವರುಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲೆರಡು ಪಾಲಿಗೆ ಕಡಿಮೆಯಿಲ್ಲದಂತೆ ಹಿಂದುಳಿದ ವರ್ಗಗಳವರಿರಬೇಕೆಂದು ಆ ಸಮಿತಿ ಸಲಹೆ ಮಾಡಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದುದು ಎಲ್ಲರೂ ಬಲ್ಲ ಸಂಗತಿ. ಆ ವಾದಕ್ಕೆ ನಾನು ಹೋಗುವುದಿಲ್ಲ. ನನಗೆ ಕುತೂಹಲವಿರುವುದು ಬೇರೊಂದು ಪ್ರಶ್ನೆಯಲ್ಲಿ. ಹೊಸದಾಗಿ ಬಂದ ಗುಮಾಸ್ತ ಕಚೇರಿಯ ಒಳಗೆ ಕಾಲಿಟ್ಟಾಗ ಹಳೆಯ ಗುಮಾಸ್ತರು ಅವನನ್ನು ಹೇಗೆ ನಡೆಸಿಕೊಳ್ಳಬೇಕೆಂದು ಯಾರಾದರೂ ಅವರಿಗೆ ಹೇಳಿಕೊಡಬೇಕಲ್ಲವೆ? ಸಮಿತಿ ಎಣಿಸಿದ್ದು ಹುದ್ದೆಗಳನ್ನು. ಕುರ್ಚಿ ಕೊಡಿಸಲು ಆಜ್ಞೆ ಸಾಕು. ಆ ಕುರ್ಚಿಯ ಪಕ್ಕದವನು ಮಾತಾಡಿಸುವಂತೆ ಮಾಡಲು ಅದು ಸಾಲದು.

ಧಣಿ ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಮಂಗಳೂರಿನಲ್ಲಿ ಒಂದು ಉದಾಹರಣೆಯುಂಟು. ಬಾಸೆಲ್ ಮಿಶನ್ನಿನವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ನೇಯ್ಗೆಯ ಕಾರಖಾನೆ ನಡೆಸಿದರು; 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆ ತೆರೆದರು. ಅವರ ಮುಖ್ಯ ಉದ್ದೇಶ ಮತಪ್ರಚಾರವಾಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಬೇರೆ ಬೇರೆ ಜಾತಿಗಳಿಂದ ಬಂದವರು ಅಲ್ಲಿ ಒಂದೇ ಸೂರಿನಡಿ, ಒಂದೇ ಗಂಟೆಯ ಸದ್ದಿಗೆ ದುಡಿಯಬೇಕಾಗಿತ್ತು. ಹಳೆಯ ಜಾತಿಭೇದವನ್ನು ಒಳಗೆ ತರಬಾರದೆಂಬುದು ಧಣಿಗಳ ಕಟ್ಟಪ್ಪಣೆಯಾಗಿತ್ತು. ನಮ್ಮ ಕರಾವಳಿಯ ಮಡಿವಂತ ಸಮಾಜದ ನಡುವೆಯೇ ಅದು ನಡೆಯಿತು. ಆ ಮಂಗಳೂರಿನ ಹೆಂಚುಗಳು ಮುಂಬಯಿಯ ಎಷ್ಟೋ ಛಾವಣಿಗಳ ಮೇಲೆ ಕುಳಿತಿದ್ದವು. ಆ ಛಾವಣಿಗಳ ಕೆಳಗೆ ಮಾತ್ರ ಅಂಥ ಏರ್ಪಾಡು ನಡೆಯಲಾರದೆಂದು ಹೇಳುತ್ತಿದ್ದರು.

ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕಾಗಿದೆ. ಹೇಳಲು ಸಂತೋಷವಿಲ್ಲ. ನಾನು ಸಿಬ್ಬಂದಿ ಶಾಖೆಯಲ್ಲಿದ್ದಾಗ ಕಲಬುರ್ಗಿಯ ಕಡೆಯ ಒಬ್ಬ ಹುಡುಗ ಅಪ್ರೆಂಟಿಸ್ ಆಗಿ ಬಂದ. ಐ.ಟಿ.ಐ.ಯಲ್ಲಿ ಒಳ್ಳೆಯ ಗುಣ ಪಡೆದವನು. ಕನ್ನಡದವನೆಂದು ನನಗೆ ಒಂದಿಷ್ಟು ಅಭಿಮಾನ. ಬಂದ ದಿನ ಚಹಾ ಕುಡಿಸಿ, “ಏನಾದರೂ ಬೇಕಾದರೆ ಬಾರಪ್ಪ” ಎಂದೆ. ಎರಡು ವಾರಗಳಲ್ಲಿ ಅವನ ಜಾತಿ ಯಾವುದೆಂದು ಶಾಪಿನವರಿಗೆ ಹೇಗೋ ತಿಳಿಯಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಕ್ಯಾಂಟೀನಿನಲ್ಲಿ ಅವನು ಕುಳಿತ ಮೇಜಿನ ಉಳಿದ ಜಾಗಗಳು ಖಾಲಿಯಾಗಿರತೊಡಗಿದವು, ಅಷ್ಟೆ. ಹೊಸಬರಿಗೆ ಯಂತ್ರ ತೋರಿಸಬೇಕಾಗಿದ್ದ ಹಳೆಯ ಫಿಟ್ಟರ್ ಇವನಿಗೆ ತೋರಿಸಲು ದಿನವೂ ಒಂದು ನೆವ ಹೇಳಿದ. ಹುಡುಗ ಒಂದು ಸಲ ನನ್ನ ಬಳಿ ಬಂದು, “ಸರ್, ನನಗ ಕೆಲಸಾ ಕಲಸಲ್ಲರಿ” ಎಂದ. ಮೇಲ್ವಿಚಾರಕನನ್ನು ಕೇಳಿದೆ. ಯಾವ ನಿಯಮವೂ ಮುರಿದಿಲ್ಲವೆಂದ, ಅದು ನಿಜವಾಗಿತ್ತು. ನಾಲ್ಕನೆಯ ತಿಂಗಳು ಹುಡುಗ ಕೆಲಸ ಬಿಟ್ಟ. ದಫ್ತರಿನಲ್ಲಿ ಕಾರಣ ಬರೆಯುವ ಅಂಕಣವೊಂದಿದೆ. “ಸ್ವಂತ ಕಾರಣ” ಎಂದು ನನ್ನ ಕೈಯಿಂದಲೇ ಬರೆದೆ.

ಆ ಮೇಲ್ವಿಚಾರಕ ದುಷ್ಟನೇನೂ ಅಲ್ಲ. ಮಳೆಯಲ್ಲಿ ರೈಲು ನಿಂತಾಗ ಶಾಪಿನ ಹುಡುಗರನ್ನೆಲ್ಲ ತನ್ನ ಮನೆಗೆ ಕರೆದೊಯ್ದು ಊಟ ಹಾಕಿದವನು. ಬೆಂಕಿ ಆರಿಸುವುದನ್ನು ಆಡಳಿತದವರು ಅವನಿಗೆ ವರುಷಕ್ಕೊಮ್ಮೆ ತರಬೇತು ಕೊಟ್ಟು ಕಲಿಸುತ್ತಿದ್ದರು. ಕ್ರೇನಿನ ಸಂಕೋಲೆ ಪರೀಕ್ಷಿಸುವುದನ್ನು ಕಲಿಸುತ್ತಿದ್ದರು. ಕ್ಯಾಂಟೀನಿನ ಖಾಲಿ ಕುರ್ಚಿಗಳೂ ತನ್ನ ಮೇಲ್ವಿಚಾರಣೆಗೆ ಸೇರಿದವೆಂದು ಮಾತ್ರ ಅವನಿಗೆ ಯಾರೂ ಹೇಳಿರಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ. 500 ಮಂದಿ ಕಾರ್ಮಿಕರಿರುವ ಕಾರಖಾನೆಗೆ ಕಲ್ಯಾಣಾಧಿಕಾರಿಯೊಬ್ಬ ಇರಬೇಕೆಂದು 1948ರ ಕಾರಖಾನೆ ಕಾಯಿದೆ ವಿಧಿಸಿತ್ತು, ನಮ್ಮಲ್ಲಿಯೂ ಇದ್ದರು. ಅವರ ಹೊತ್ತೆಲ್ಲ ಕ್ಯಾಂಟೀನಿನ ಅಕ್ಕಿಯ ಗುಣ ನೋಡುವುದರಲ್ಲಿಯೇ ಕಳೆಯುತ್ತಿತ್ತು.

ಹೆಂಗಸರ ವಿಷಯದಲ್ಲಿ ಚರಿತ್ರೆ ಬೇರೆ ದಾರಿ ಹಿಡಿಯಿತು. ಅಲ್ಲಿ ಅನ್ಯಾಯ ಎಷ್ಟೋ ಕಡೆ ಬರೆದೇ ಇತ್ತು. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಅವರಿಂದ ಬರೆಯಿಸಿಕೊಂಡರು. ಗಂಡಸರಿಂದ ಅಂಥ ಮುಚ್ಚಳಿಕೆ ಕೇಳಿದ್ದಿಲ್ಲ. ಮುಂದೆ ಬಡ್ತಿ ತಪ್ಪಿದಾಗ ಅವರು ಸುಪ್ರೀಮ್ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಆ ನಿಯಮಗಳನ್ನು ಕಟುವಾಗಿ ಟೀಕಿಸಿ, ಸೇವಾನಿಯಮಗಳಲ್ಲಿರುವ ಲಿಂಗಭೇದದ ಕಲೆಯನ್ನು ತೊಳೆಯಬೇಕೆಂದು ಸರಕಾರಕ್ಕೆ ಹೇಳಿದರು. ದೇಶದ ಬುದ್ಧಿವಂತರಲ್ಲಿ ಆರಿಸಿ ತೆಗೆದವರ ಇಲಾಖೆ ಅದು. ಸಂವಿಧಾನ ಬಂದು 29 ವರುಷಗಳಾಗಿದ್ದವು. ಓದಿದವರಿಗೆ ಇದನ್ನು ಕಲಿಸಬೇಕಾಗಿಲ್ಲವೆಂಬ ನಂಬಿಕೆ ಎಷ್ಟು ಟೊಳ್ಳೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಲಿಸಬೇಕೆಂಬ ಮಾತು ಈಚಿನ ಷೋಕಿಯೆಂದು ಯಾರಾದರೂ ಎನ್ನುವುದಾದರೆ, ಅವರು 1958ರ ಜಿನೀವಾ ಒಡಂಬಡಿಕೆಯನ್ನು ನೋಡಬೇಕು. ಉದ್ಯೋಗದಲ್ಲಿ ಭೇದಭಾವ ಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ 111ನೆಯ ಒಡಂಬಡಿಕೆ ಅದು. ಭಾರತ 1960ರಲ್ಲಿ ಅದಕ್ಕೆ ಸಮ್ಮತಿಯ ಮುದ್ರೆಯೊತ್ತಿತು. ಕಾಯಿದೆ ಮಾಡಿರಿ ಎಂದಷ್ಟೇ ಹೇಳಿ ಅದು ಸುಮ್ಮನಾಗಲಿಲ್ಲ. ಜನ ಆ ನೀತಿಯನ್ನು ಒಪ್ಪಿ ನಡೆಯುವಂತೆ ಶಿಕ್ಷಣದ ಕಾರ್ಯಕ್ರಮಗಳನ್ನೂ ನಡೆಸಬೇಕು, ಅದಕ್ಕೆ ಮಾಲೀಕರ ಮತ್ತು ಕಾರ್ಮಿಕರ ಸಂಘಗಳ ಸಹಕಾರ ಪಡೆಯಬೇಕು ಎಂದಿತು. ನಾವು ಮೊದಲರ್ಧವನ್ನು ಮಾಡಿದೆವು, ಎರಡನೆಯದನ್ನು ಕಪಾಟಿನಲ್ಲಿಟ್ಟೆವು.

ಅದು ಕಪಾಟಿನಿಂದ ಹೊರಬರಲು ರಾಜಸ್ಥಾನದ ಹಳ್ಳಿಯೊಂದರ ಹೆಣ್ಣುಮಗಳು ನರಕಯಾತನೆ ಪಡಬೇಕಾಯಿತು. ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿದ್ದ ಆಕೆ ಬಾಲ್ಯವಿವಾಹವನ್ನು ತಡೆಯಹೋದುದಕ್ಕೆ 1992ರಲ್ಲಿ ಆಕೆಯ ಮೇಲೆ ಅತ್ಯಾಚಾರವೆಸಗಿದರು. ಕರ್ತವ್ಯ ಮಾಡಹೋಗಿ ಒದಗಿದ ಆಪತ್ತಿಗೆ ಕೆಲಸ ಕೊಟ್ಟವರ ಹೊಣೆಯೇನೆಂಬ ಪ್ರಶ್ನೆ ಎದ್ದಿತು. ‘ವಿಶಾಖಾ’ ಮೊಕದ್ದಮೆಯೆಂದು ಹೆಸರಾದ ಅದರಲ್ಲಿ 1997ರ ಆಗಸ್ಟ್ 13ರಂದು ಸುಪ್ರೀಮ್ ಕೋರ್ಟು, ಕೆಲಸದ ಸ್ಥಳದಲ್ಲಿ ಹೆಂಗಸರಿಗೆ ಕಿರುಕುಳವಾಗದಂತೆ ನೋಡಿಕೊಳ್ಳುವುದು ಉದ್ಯೋಗದಾತನ ಕರ್ತವ್ಯವೆಂದು ತೀರ್ಪಿತ್ತಿತು. 2013ರ ಕಾಯಿದೆ ಅದನ್ನೇ ಗಟ್ಟಿಮಾಡಿತು. ಹತ್ತು ಅಥವಾ ಅದಕ್ಕೆ ಹೆಚ್ಚು ಮಂದಿ ದುಡಿಯುವಲ್ಲಿ ದೂರು ಕೇಳುವ ಸಮಿತಿ ಇರಬೇಕು. ಅಷ್ಟೇ ಅಲ್ಲ, ಸಿಬ್ಬಂದಿಗೆ ತಿಳಿವಳಿಕೆ ಕೊಡುವ ಶಿಬಿರಗಳನ್ನು ಆಗಾಗ ಏರ್ಪಡಿಸುವುದೂ ಧಣಿಯ ಕರ್ತವ್ಯ. ಹೆಂಗಸರ ಮಟ್ಟಿಗಾದರೂ “ನಾವು ಹೊಣೆಗಾರರಲ್ಲ” ಎಂಬ 1928ರ ಉತ್ತರಕ್ಕೆ ಕಾಯಿದೆಯೇ ಬಾಗಿಲು ಹಾಕಿತು. ಅಂಗವಿಕಲರ ವಿಷಯದಲ್ಲಿ 2016ರ ಕಾಯಿದೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದಿದೆ. ಜಾತಿಯ ವಿಷಯದಲ್ಲಿ, ಭಾಷೆಯ ವಿಷಯದಲ್ಲಿ ಖಾಸಗಿ ಧಣಿ ತನ್ನ ಜನಕ್ಕೆ ಏನು ಕಲಿಸಬೇಕೆಂಬುದು ಬಹುಮಟ್ಟಿಗೆ ಅವನ ಮನಸ್ಸಿಗೇ ಬಿಟ್ಟದ್ದಾಗಿದೆ.

ನನ್ನ ಮಿತ್ರರ ನಗುವಿನಲ್ಲಿ ಒಂದಂಶ ನ್ಯಾಯವೂ ಇಲ್ಲದಿಲ್ಲ. ಹೊರಗಿನಿಂದ ಯಾರನ್ನೋ ಕರೆಸಿ, ಗೋಡೆಯ ಮೇಲೆ ಚಿತ್ರಗಳನ್ನು ಹಾಯಿಸಿ, ಹಾಜರಿ ಹಿಡಿದು, ಸಮೋಸಾ ಹಂಚಿ ಮುಗಿಸುವ ತರಬೇತುಗಳನ್ನು ನಾನೂ ಕಂಡಿದ್ದೇನೆ. ದೊಡ್ಡ ಸಾಹೇಬರು ಉದ್ಘಾಟಿಸಿ ಹೊರಟುಹೋಗುತ್ತಾರೆ. ಅಂಥದರಿಂದ ಯಾರ ಮನಸ್ಸೂ ತಿರುಗದು. ಕಲಿಯಬೇಕಾದವನು ಮೊದಲು ಜಾಬರ; ಅಂದರೆ ಇಂದಿನ ಮೇಲ್ವಿಚಾರಕ, ಮ್ಯಾನೇಜರ, ಕೆಲಸಕ್ಕೆ ಆರಿಸುವವನು. ಜಾಬರನ ಮರ್ಜಿ ಧಣಿಯ ಕೈಯಲ್ಲಿದೆ, ಶಾಪಿನವರ ಮರ್ಜಿ ಜಾಬರನ ಕೈಯಲ್ಲಿದೆ. ಮನೆಯಲ್ಲಿ ತಾಯಿತಂದೆ ಕಲಿಸಲಿ ಎಂಬ ಮಾತು ಚೆನ್ನಾಗಿದೆ. ಆದರೆ ಲಾಳಿಗೆ ತುಟಿ ಹಚ್ಚಬಾರದೆಂದು ಕಲಿಸಿದ್ದು ಆ ಮನೆಯೇ ಅಲ್ಲವೆ? ಮನೆಯಲ್ಲಿ ಕಲಿತುದನ್ನು ಮರೆಯಿಸಬೇಕಾದ ಪಾಠವನ್ನು ಮನೆಯ ಹೊರಗೇ ಹೇಳಬೇಕಾಗುತ್ತದೆ.

ಪರನಾಡಿನಲ್ಲಿರುವ ನಮಗೆ ಈ ವಿಷಯ ಎರಡು ಕಡೆಯಿಂದ ತಟ್ಟುತ್ತದೆ. 1966ರಲ್ಲಿ ಶಿವಸೇನೆ ಹುಟ್ಟಿದ ಆಸುಪಾಸಿನ ವರುಷಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ‘ಮಾರ್ಮಿಕ’ ವಾರಪತ್ರಿಕೆಯಲ್ಲಿ ಈ ಊರಿನ ಕಚೇರಿಗಳಲ್ಲಿರುವ ದಕ್ಷಿಣದವರ ಹೆಸರುಗಳ ಪಟ್ಟಿಗಳೇ ಅಚ್ಚಾಗುತ್ತಿದ್ದವು. ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳೂ ಬಿದ್ದವು. ಹೆಸರಿನ ಕೊನೆಯ ಅಕ್ಷರದಿಂದ ತನ್ನನ್ನು ಅಳೆಯುತ್ತಾರೆಂಬ ಅಳುಕಿನಲ್ಲಿ ಕಚೇರಿಗೆ ಹೋಗುವುದು ಹೇಗಿರುತ್ತದೆಂದು ಅವರನ್ನು ಕೇಳಬೇಕು. ಮೇಲಿನವನೊಬ್ಬ ಎಲ್ಲರೆದುರು ನಿಂತು ಒಂದು ಒಳ್ಳೆಯ ಮಾತು ಆಡಿದ ಕಚೇರಿಗೂ, ಆಡದ ಕಚೇರಿಗೂ ಎಷ್ಟು ಅಂತರವಿತ್ತೆಂಬುದನ್ನೂ ಕೇಳಬೇಕು. ಅದೇ ನಾವು, ಬೆಂಗಳೂರಿನಲ್ಲಿರುವ ಅಣ್ಣನೋ ಭಾವನೋ ಬಿಹಾರದ ಹುಡುಗರ ವಿಷಯವಾಗಿ ಆಡುವ ಮಾತನ್ನು ಕೇಳಿ ತಲೆದೂಗಿ ಬರುವುದುಂಟು.

ಎರಡನೆಯದು, ನಮ್ಮಲ್ಲಿ ಧಣಿಗಳು ಬಹಳ ಮಂದಿ. ಈ ಊರಿನ ಕನ್ನಡಿಗರ ಕೀರ್ತಿ ನಿಂತಿರುವುದೇ ಹೋಟೆಲಿನ ಮೇಲೆ. ಬರಿಗೈಯಲ್ಲಿ ಬಂದು, ಮೇಜು ಒರಸಿ, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲೆಯ ಮೇಲೆ ಕುಳಿತವರು ನಮ್ಮಲ್ಲಿ ಎಷ್ಟೋ ಜನ. ಆ ಹೋಟೆಲುಗಳಲ್ಲಿ ಅಡಿಗೆಯ ಒಲೆ ಒಂದು ಜಾತಿಗೆ, ಮಾಣಿಯ ಕೆಲಸ ಇನ್ನೊಂದಕ್ಕೆ, ತಟ್ಟೆ ತೊಳೆಯುವ ಮೋರಿ ಮತ್ತೊಂದಕ್ಕೆ ಎಂದು ಹಂಚಿಹೋಗಿದ್ದ ಕಾಲವನ್ನು ನಾವು ಸಭೆಗಳಲ್ಲಿ ಹೇಳಿಕೊಳ್ಳುವುದಿಲ್ಲ. ಇಂದು ಊರಿನ ಹುಡುಗರು ಈ ಕೆಲಸಕ್ಕೆ ಬರುವುದು ಕಡಿಮೆ. ಒರಿಸ್ಸಾ, ಝಾರಖಂಡ, ನೇಪಾಳಗಳಿಂದ ಬಂದ ಹುಡುಗರು ನಮ್ಮ ಇಡ್ಲಿ ಬೇಯಿಸುತ್ತಾರೆ. ಅವರ ಹೆಸರನ್ನು ಕೂಡ ಸರಿಯಾಗಿ ಕೇಳಿಕೊಳ್ಳದೆ ‘ಏ ಬಹಾದ್ದೂರ್’ ಎಂದು ಕೂಗುವ ಗಲ್ಲೆಗಳನ್ನು ನಾನು ಕಂಡಿದ್ದೇನೆ.

ಉಪನಗರದಲ್ಲಿ ಹೋಟೆಲಿರುವ ನನ್ನ ಪರಿಚಯದ ಧಣಿಯೊಬ್ಬರ ಮಾತು ಹೇಳಿ ಮುಗಿಸುತ್ತೇನೆ. ಅವರಲ್ಲಿ ಹುಡುಗರು ಮೂರು ಪಂಗಡವಾಗಿ ಮೂರು ಕಡೆ ಉಣ್ಣುತ್ತಿದ್ದರು. ಜಗಳಗಳಾಗಿ ತಿಂಗಳಿಗೊಬ್ಬ ಬಿಟ್ಟುಹೋಗುತ್ತಿದ್ದ. ಭಾಷಣ ಮಾಡಿಸಲು ಅವರಿಗೆ ತಿಳಿಯದು, ಪುಸ್ತಕ ಓದಿದವರೂ ಅಲ್ಲ. ಮಧ್ಯಾಹ್ನ ಮೂರು ಗಂಟೆಯ ಬಿಡುವಿನಲ್ಲಿ ಸೋಮವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಒಬ್ಬೊಬ್ಬನಿಂದಲೂ ಅವನ ಊರು, ಮನೆ, ಅಲ್ಲಿಯ ಅಡಿಗೆಯ ವಿಷಯ ಹೇಳಿಸತೊಡಗಿದರು. ಹಳೆಯ ಭಟ್ಟರನ್ನು ಪಕ್ಕಕ್ಕೆ ಕರೆದು, “ಭಟ್ರೇ, ತೊಳೆಯುವ ಹುಡುಗನನ್ನು ನೀವು ಹೆಸರು ಹಿಡಿದು ಕರೀರಿ, ನೀವು ಕರೆದರೆ ಉಳಿದವರೂ ಕರೀತಾರೆ” ಎಂದರಂತೆ. ಭಟ್ಟರು ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು. ಆಮೇಲೆ ಕರೆದರು. ಕಳೆದ ವಾರ ನಾನು ಅಲ್ಲಿಗೆ ಹೋದಾಗ ಹಿಂದಿನ ಕೋಣೆಯಲ್ಲಿ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದರು. ಸಾರು ಬಡಿಸುತ್ತಿದ್ದವನು ಮೋರಿಯ ಹುಡುಗ. ದೀಪಾವಳಿಯ ಮಿತ್ರರನ್ನು ಮುಂದಿನ ಸೋಮವಾರ ಮೂರು ಗಂಟೆಗೆ ಅಲ್ಲಿಗೆ ಕರೆದೊಯ್ಯುವುದೆಂದು ಅವರ ಮಗಳೂ ನಾನೂ ಗೊತ್ತುಮಾಡಿಕೊಂಡಿದ್ದೇವೆ.